ಮೂಗಕ್ಕನ ಹದಿನೆಂಟು ರಬ್ಬರುಗಳು

ಆ ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮೂಗಕ್ಕ ಅಂತಲೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ನರ್ಸುಗಳು ಈ ಹೆಸರು ಕೇಳಿ, ಪಾಪ, ಮಾತು ಬಾರದವಳು ಅಂದುಕೊಂಡು ಕೈಸನ್ನೆ ಮಾಡುತ್ತಿದ್ದರು. ಗಾಳಿಯಲ್ಲಿ ಲೋಟ ಹಿಡಿದು ಕುಡಿಯುವಂತೆ ನಟಿಸಿ, ಎರಡು ಬೆರಳು ತೋರಿಸುತ್ತಿದ್ದರು. ಅವಳು ಎರಡು ಲೋಟ ಬಿಸಿನೀರು ತಂದುಕೊಡುತ್ತಿದ್ದಳು. ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಮೂರೋ ನಾಲ್ಕೋ ದಿನ ಕಳೆದು ಒಂದು ಬೆಳಿಗ್ಗೆ ಅವಳು ಇದ್ದಕ್ಕಿದ್ದಂತೆ, "ಆ ಹಾಲು ಒಡೆಯೋ ಹಾಗಿದೆ, ಕಾಫಿಗೆ ಹಾಕ್ಬೇಡಿ" ಅಂದಾಗ ಆ ನರ್ಸ್ ಬೆಚ್ಚಿಬಿದ್ದು ಗೋಡೆ ಹಿಡಿದುಕೊಳ್ಳಬೇಕು, ಹಾಗಾಗುತ್ತಿತ್ತು.

ಮೂಗಿ ಅಲ್ಲ ಅವಳು, ಮೂಗಿದ್ದವಳು. ಎಲ್ಲರಿಗೂ ಇರುವ ಮೂಗಲ್ಲ. ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಕೊಂಡೇ ಮನೆಗೆ ಬಂದವರು ಯಾರು ಅಂತ ಹೇಳುತ್ತಿದ್ದಳಂತೆ. ಗಂಡ ಗೋಡೆಗೆ ಬಣ್ಣ ಹೊಡೆಯುವ ಕೆಲಸದವನು. ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ, "ಇವತ್ತು ಕಿಟಕಿಗೆ ಎಣ್ಣೆ ಬಣ್ಣ, ಆಮೇಲೆ ಎರಡು ಬೀಡಿ" ಅನ್ನುತ್ತಿದ್ದಳು. "ಒಂದೇ" ಅಂತ ಅವನು ಅನ್ನುವುದು. "ಎರಡು" ಅಂತ ಅವಳು. ಅವನು ತಲೆ ಕೆರೆದುಕೊಳ್ಳುವುದು. ಮದುವೆಯಾಗಿ ಇಪ್ಪತ್ತು ವರ್ಷ ಈ ಮಾತು ಹೀಗೇ ನಡೆದುಕೊಂಡು ಬಂದಿತ್ತು.

ಅವಳಿಗಿದ್ದ ಒಂದು ದೋಷ ಅಂದರೆ, ಯಾವುದಾದರೂ ವಾಸನೆ ಮೂಗಿಗೆ ತಾಗಿದರೆ ಸಾಕು, ಅವಳು ಅದರ ಹಿಂದೆ ಹೊರಟುಬಿಡುವುದು. ಕೈ ಸಿಂಕಿನ ನೀರಿನಲ್ಲಿ, ಅವಳು ಮಾತ್ರ ಎಲ್ಲೋ. ಒದ್ದೆ ಮರದ ವಾಸನೆ ಬಂದರೆ ಹುಡುಗಿಯಾಗಿದ್ದಾಗಿನ ದೋಣಿ. ಸೀಮೆಸುಣ್ಣ ಅಂದರೆ ಎರಡನೇ ತರಗತಿಯ ಕಿಟಕಿ. ನಲ್ಲಿ ತುಂಬಿ ಹರಿದು ನೆಲವೆಲ್ಲ ನೀರಾದ ಮೇಲೆ ಯಾರಾದರೂ ಕೂಗಿ ಅವಳನ್ನು ವಾಪಸ್ಸು ಕರೆಸಬೇಕು. "ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದರೆ ನಾಚಿಕೊಂಡು ಒರೆಸುವ ಬಟ್ಟೆ ಹುಡುಕುವಳು.

ಅವಳ ಕೆಲಸದ ಜಾಗ ಎರಡನೇ ಮಹಡಿಯ ಕೊನೆಯಲ್ಲಿದ್ದ ಸಣ್ಣ ಪ್ಯಾಂಟ್ರಿ. ಒಂದು ಸಿಂಕು, ನೀರು ಕಾಯಿಸುವ ಬಾಯ್ಲರು, ಹನ್ನೊಂದು ಗಂಟೆಯವರೆಗೂ ಬಿಸಿಲು ಬೀಳುವ ಅಗಲವಾದ ಕಿಟಕಿ ಕಟ್ಟೆ. ಎರಡು ಅಟ್ಟಣಿಗೆಯಲ್ಲಿ ಹದಿನೆಂಟು ಸ್ಟೀಲ್ ಫ್ಲಾಸ್ಕುಗಳು. ಎಲ್ಲ ಒಂದೇ ಅಚ್ಚಿನವು, ಹೊಟ್ಟೆ ದಪ್ಪ, ಕತ್ತು ಸಣ್ಣ, ಬದಿಗೆ ಹಿಡಿ. ಬೆಳಿಗ್ಗೆ ಅವುಗಳಲ್ಲಿ ಕಾಫಿ ತುಂಬಿ ಡಾಕ್ಟರುಗಳ ಕೋಣೆಗೂ ನೋಡಲು ಬಂದವರಿಗೂ ಕಳಿಸುವುದು. ಆಮೇಲೆ ತೊಳೆದು ಬಿಸಿನೀರು ತುಂಬಿ ಬಸುರಿ ಬಾಣಂತಿಯರ ಹಾಸಿಗೆ ಪಕ್ಕದಲ್ಲಿಡುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಯಾರೂ ಏನೂ ಅಂದಿರಲಿಲ್ಲ. ಅಂದಿದ್ದರೂ ಅದು ದೊಡ್ಡ ಸಿಸ್ಟರ್ ಕಿವಿಯಲ್ಲೇ ನಿಂತುಹೋಗಿತ್ತು. ದೊಡ್ಡ ಸಿಸ್ಟರ್ ಅಂದರೆ ಆ ಮಹಡಿಯ ಮುಖ್ಯಸ್ಥೆ. ಎತ್ತರದ ಹೆಂಗಸು, ಬೆನ್ನು ಬಾಗಿದ್ದನ್ನು ಕಂಡವರಿಲ್ಲ. "ಬಸುರಿಯರಿಗೆ ಎಲ್ಲಾ ವಾಸನೆ ಬರುತ್ತೆ, ಇಲ್ಲದಿರೋದೂ ಬರುತ್ತೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

ಹಾಗಿರುವಾಗ ಆ ಕಂಡಕ್ಟರಮ್ಮ ಬಂದಳು.

ಸಿಟಿ ಬಸ್ಸಿನ ಕಂಡಕ್ಟರ್. ಮೂವತ್ತೆರಡು ವರ್ಷ, ಚೊಚ್ಚಲ ಬಸುರಿ, ಏಳನೇ ತಿಂಗಳು. ರಕ್ತ ಕಂಡಿತ್ತು. ಹೆರಿಗೆಯವರೆಗೆ ಹಾಸಿಗೆಯಿಂದ ಏಳಲೇಬಾರದು ಅಂತ ಡಾಕ್ಟರ್ ಹೇಳಿದ್ದರು. ದಿನಕ್ಕೆ ಎಂಟು ಗಂಟೆ ಓಡುವ ಬಸ್ಸಿನಲ್ಲಿ ನಿಂತೇ ಇದ್ದವಳು ಈಗ ಮಲಗಿಕೊಂಡು ಚಾವಣಿಯ ಬಿರುಕನ್ನು ನೋಡುತ್ತಿದ್ದಳು. ಬಂದ ಮೂರನೇ ದಿನ ಮೂಗಕ್ಕ ಫ್ಲಾಸ್ಕ್ ಇಡಲು ಹೋದಾಗ ಅವಳು ಮೂಗು ಮುಚ್ಚಿಕೊಂಡು ಅತ್ತ ತಿರುಗಿದಳು.

"ಅಕ್ಕಾ, ದಯವಿಟ್ಟು ತಗೊಂಡ್ಹೋಗಿ. ನೀರು ಕಾಫಿ ವಾಸನೆ ಹೊಡೀತಿದೆ. ಬಾಯಿಗಿಟ್ಟರೆ ಹೊಟ್ಟೆ ತೊಳೆಸುತ್ತೆ. ಎಲ್ಲರೂ ನಂಗೆ ಭ್ರಮೆ ಅಂತಾರೆ."

ಮೂಗಕ್ಕ ಮುಚ್ಚಳ ತಿರುಗಿಸಿ ಫ್ಲಾಸ್ಕಿನೊಳಗೆ ಮೂಗಿಟ್ಟಳು. ಸ್ಟೀಲ್ ವಾಸನೆ, ನೀರಿನ ವಾಸನೆ. ಆಮೇಲೆ ಮುಚ್ಚಳವನ್ನು ಮೂಗಿನ ಹತ್ತಿರ ತಂದಳು. ಅಲ್ಲೇ ನಿಂತುಬಿಟ್ಟಳು.

"ಭ್ರಮೆ ಅಲ್ಲ ತಾಯಿ" ಅಂದಳು. "ಇದು ಫ್ಲಾಸ್ಕ್ ಅಲ್ಲ, ಮುಚ್ಚಳ. ಇಷ್ಟು ದಿನ ನಾನೇ ಮೂಸಿ ನೋಡಿಲ್ಲ ನೋಡಿ."

ತನ್ನ ಮೂಗಿನಡಿಯಲ್ಲೇ ಇದ್ದದ್ದು ತನಗೇ ಗೊತ್ತಾಗಲಿಲ್ಲವಲ್ಲ ಅಂತ ಅವಳಿಗೆ ಅವಮಾನವಾಯಿತು. ದಿನಾ ಕಾಫಿಯ ಹಬೆಯಲ್ಲೇ ನಿಂತವಳಿಗೆ ಕಾಫಿ ವಾಸನೆ ಗೋಡೆಯ ಬಣ್ಣದ ಹಾಗೆ ಆಗಿಹೋಗಿತ್ತು. ಪ್ಯಾಂಟ್ರಿಗೆ ಬಂದು ಮುಚ್ಚಳವನ್ನು ಬೆಳಕಿಗೆ ಹಿಡಿದಳು. ನೀರು ಸೋರದಂತೆ ಒಳಗೆ ಒಂದು ರಬ್ಬರ್ ಬಳೆ ಕೂತಿತ್ತು. ಅದು ಬಿಚ್ಚಿ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿದಾಗ ಪುಳಕ್ಕನೆ ಕೈಗೆ ಬಂತು. ಅಡಿಯ ಸಂದಿಯಲ್ಲಿ ಅಂಟಿನ ಹಾಗೆ ಕಂದು ಲೋಳೆ. ಎಷ್ಟೋ ವರ್ಷದ ಕಾಫಿ, ಹುಳಿಯಾಗಿ, ಬಾಗಿಲು ತೆಗೆಯದ ಬೀರುವಿನ ಹಾಗೆ ನಾರುತ್ತಿತ್ತು.

ಮೊದಲ ದಿನ ಸೋಪಿನಲ್ಲಿ ತಿಕ್ಕಿದಳು. ಕಾಫಿಯ ಜೊತೆ ಸೋಪಿನ ವಾಸನೆಯೂ ಸೇರಿಕೊಂಡಿತು, ಅಷ್ಟೇ. ಎರಡನೇ ದಿನ ನೆಲ ಒರೆಸುವವಳ ಹತ್ತಿರ ಬ್ಲೀಚು ಇಸಿದುಕೊಂಡು ನೆನೆಹಾಕಿದಳು. ಕಲೆಯೇನೋ ಹೋಯಿತು, ರಬ್ಬರು ಮಾತ್ರ ಬಿರುಸಾಗಿ ಮಾರನೇ ದಿನ ಸೀಳು ಬಿಟ್ಟಿತು. ಮೂರನೇ ದಿನ ಇನ್ನೊಂದನ್ನು ಕುದಿಸಿದಳು. ಅದು ಉಬ್ಬಿಕೊಂಡು ಸಂದಿಯಲ್ಲಿ ಕೂರಲೇ ಇಲ್ಲ. ಆ ಸಂಜೆ ಮನೆಯಲ್ಲಿ ಮಂಕಾಗಿ ಕೂತವಳನ್ನು ಗಂಡ ಕೇಳಿದ.

"ಏನೇ, ಯಾರು ಏನಂದ್ರು?"

ಅವಳು ಹೇಳಿದಳು. ಅವನು ಬಣ್ಣದ ಬ್ರಷ್ಷುಗಳನ್ನು ತೊಳೆಯುತ್ತ ನಕ್ಕ.

"ಎಣ್ಣೆ ಬಣ್ಣದ ಬ್ರಷ್ಷನ್ನ ಬರೀ ನೀರಲ್ಲಿ ತೊಳೆದ್ರೆ ಹೋಗುತ್ತಾ? ಕಾಫೀಲೂ ಎಣ್ಣೆ ಇರುತ್ತೆ ಮಾರಾಯ್ತಿ, ಲೋಟದ ಮೇಲೆ ಬಣ್ಣಬಣ್ಣವಾಗಿ ತೇಲೋದನ್ನ ನೋಡಿಲ್ವಾ? ವಾಸನೆ ಆ ಎಣ್ಣೇಲಿ ಕೂತಿದೆ. ಎಣ್ಣೆ ಬಿಡಿಸು, ವಾಸನೆ ತಾನಾಗೇ ಹೋಗುತ್ತೆ. ನಿಮ್ಮ ಅಡುಗೆ ಸೋಡ ಇದ್ಯಲ್ಲ, ನೋಡು. ಅವಸರ ಮಾತ್ರ ಬೇಡ. ನೆನೀಬೇಕು."

ಮಾರನೇ ದಿನ ಅವಳು ಸೋಡಕ್ಕೆ ನಾಲ್ಕು ಹನಿ ನೀರು ಹಾಕಿ ಮುದ್ದೆ ಮಾಡಿಕೊಂಡಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಬ್ಬರನ್ನೂ ಮುಚ್ಚಳದ ಸಂದಿಯನ್ನೂ ಸುತ್ತ ಉಜ್ಜಿದಳು. ಉಗುರು ಬೆಚ್ಚಗಿನ ನೀರಿಗೆ ಇನ್ನೊಂದು ಚಮಚ ಸೋಡ ಹಾಕಿ ಒಂದು ಗಂಟೆ ನೆನೆಸಿದಳು. ನೀರು ತೆಳು ಚಹದ ಬಣ್ಣಕ್ಕೆ ತಿರುಗಿತು. ಚೆಲ್ಲಿ, ತೊಳೆದು, ಉಳಿದ ಕಲೆಗೆ ವಿನೆಗರ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ತೊಳೆದು ಕಿಟಕಿ ಕಟ್ಟೆಯ ಬಿಸಿಲಿಗಿಟ್ಟಳು. ಹನ್ನೊಂದು ಗಂಟೆಗೆ ಎತ್ತಿ ಮೂಸಿದರೆ ಬಿಸಿಲಿನದಷ್ಟೇ ವಾಸನೆ. ಬೆರಳಿನಿಂದ ತೀಡಿದರೆ ಕಿಚ್ ಅನ್ನುತ್ತಿತ್ತು, ಮೊದಲಿನ ಜಾರಿಕೆ ಇರಲಿಲ್ಲ.

ಕಂಡಕ್ಟರಮ್ಮ ಅನುಮಾನದಿಂದಲೇ ಲೋಟ ತುಟಿಗಿಟ್ಟಳು. ಒಂದು ಗುಟುಕು. ಇನ್ನೊಂದು. ಆಮೇಲೆ ಲೋಟ ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದು, ಕಣ್ಣೊರೆಸಿಕೊಂಡಳು.

"ಬರೀ ನೀರು, ಅಕ್ಕ" ಅಂದಳು. "ಏನೂ ಇಲ್ಲದ ನೀರು. ಎಷ್ಟು ಚೆನ್ನಾಗಿದೆ!"

ಅಂದಿನಿಂದ ಮೂಗಕ್ಕ ರಬ್ಬರು ಹಾಳಾದ ಎರಡನ್ನು ಬಿಟ್ಟು ಉಳಿದ ಹದಿನಾರು ಮುಚ್ಚಳಗಳನ್ನೂ ದಿನಾ ಬಿಚ್ಚತೊಡಗಿದಳು. ನೀರಿಗೆ ಬೇರೆ, ಕಾಫಿಗೆ ಬೇರೆ ಅಂತ ಎರಡು ಪಾಲು ಮಾಡಿಯೂ ನೋಡಿದ್ದಳು. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವ ಜನ. ಎರಡು ದಿನದಲ್ಲಿ ಎಲ್ಲ ಕಲಸುಮೇಲೋಗರ. ಅದಕ್ಕಿಂತ ಬಿಚ್ಚುವುದೇ ವಾಸಿ ಅನಿಸಿತು.

ಕಂಡಕ್ಟರಮ್ಮನಿಗೂ ಅವಳಿಗೂ ಸ್ನೇಹವಾಯಿತು. ಒಂದು ಬೆಳಿಗ್ಗೆ ಕಂಡಕ್ಟರಮ್ಮ ಕೇಳಿದಳು, "ಅಕ್ಕ, ನೀವು ನಡ್ಕೊಂಡು ಬರ್ತೀರಲ್ಲ, ಹೊರಗೆ ಇವತ್ತು ಹೇಗಿದೆ?"

ಮೋಡವೋ ಬಿಸಿಲೋ ಹೇಳಬೇಕಾಗಿತ್ತು. ಮೂಗಕ್ಕನಿಗೆ ಅದು ನೆನಪಿರಲಿಲ್ಲ. ನೆನಪಿದ್ದದ್ದನ್ನು ಹೇಳಿದಳು.

"ಮೊದಲು ಇದ್ದಿಲು. ಆಮೇಲೆ ಬಿಸಿ ಬ್ರೆಡ್ಡು, ಸ್ವಲ್ಪ ಅಡಿ ಹತ್ತಿದ್ದು. ಅಲ್ಲಿಂದ ಮುಂದೆ ಒದ್ದೆ ಕಾಗದ, ಮಸಿ..."

"ನಿಲ್ಲಿ ನಿಲ್ಲಿ!" ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡಳು. "ಇದ್ದಿಲು ಅಂದ್ರೆ ಇಸ್ತ್ರಿ ಅಂಗಡಿ. ಬ್ರೆಡ್ಡು ಬೇಕರಿ ತಿರುವು. ಮಸಿ... ಹಳೇ ಪ್ರೆಸ್ ಸ್ಟಾಪು! ಪ್ರೆಸ್ ಯಾರ್ರೀ ಇಳಿಯೋರು? ಬೇಗ ಬೇಗ. ರೈಟ್, ರೈಟ್! ಮುಂದೆ?"

ದಿನಾ ಅದೇ ಆಟವಾಯಿತು. ಮೂಗಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ವಾಸನೆಗಳನ್ನು ಒಂದೊಂದಾಗಿ ಹೇಳುವುದು, ಮಲಗಿದವಳು ಸ್ಟಾಪು ಕೂಗುವುದು. ಔಷಧಿ ಅಂಗಡಿ, ಕುದುರೆ ಲಾಯ, ಸೇತುವೆ ಕೆಳಗಿನ ಕೊಳೆತ ಎಲೆ. ಮಾತು ಕಡಿಮೆಯವಳಾದ ಮೂಗಕ್ಕನಿಗೆ ತಾನು ಇಷ್ಟು ಮಾತಾಡಬಲ್ಲೆ ಅಂತ ಗೊತ್ತೇ ಇರಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ ಕೋಣೆ ನಿಧಾನವಾಗಿ ಅಲುಗಿದಂತೆ, ಪರದೆಗಳು ಕಿಟಕಿಯಾಚೆ ಜಾರುವ ಮನೆಗಳಾದಂತೆ ಅನಿಸುವುದು. ಅಕ್ಕಪಕ್ಕದ ಬಸುರಿಯರೂ ಸುಮ್ಮನಾಗುತ್ತಿದ್ದರು. ಒಬ್ಬಳು ದಿನಾ ಸೇತುವೆ ದಾಟಿದ ಮೇಲೆಯೇ ನಿದ್ದೆ ಹೋಗುತ್ತಿದ್ದಳು. ಅವಳ ತವರುಮನೆ ಅಲ್ಲಿಯೇ ಅಂತೆ.

ಎಡವಟ್ಟಾದದ್ದು ಈ ಗುಂಗಿನಲ್ಲೇ. ನಾಲ್ಕನೇ ವಾರ ಒಂದು ದಿನ, ಬಸ್ಸು ಇನ್ನೂ ತಲೆಯೊಳಗೆ ಓಡುತ್ತಿರುವಾಗಲೇ ಮೂಗಕ್ಕ ಮುಚ್ಚಳಗಳನ್ನು ಜೋಡಿಸಿದಳು. ಒಂದಕ್ಕೆ ರಬ್ಬರು ಹಾಕುವುದು ಮರೆತಳು. ಆ ಫ್ಲಾಸ್ಕು ಒಬ್ಬ ಬಾಣಂತಿಯ ಹಾಸಿಗೆಗೆ ಹೋಯಿತು. ಬಾಣಂತಿಯ ತಾಯಿ ನೀರು ಬಗ್ಗಿಸಲು ಎತ್ತಿದಾಗ ಮುಚ್ಚಳದ ಸುತ್ತಲಿಂದ ಕುದಿನೀರು ಹರಿದು ಮುಂಗೈ ಸುಟ್ಟಿತು.

ಕೂಗು ಕೇಳಿ ಮೂಗಕ್ಕ ಓಡಿಬಂದಳು. ಮುದುಕಿಯ ಕೈಯನ್ನು ನಲ್ಲಿಯ ತಣ್ಣೀರಿಗೆ ಹಿಡಿದು ನಿಂತಳು. ಹತ್ತು ನಿಮಿಷ, ಹದಿನೈದು ನಿಮಿಷ, ಬಿಡಲೇ ಇಲ್ಲ.

"ಅಜ್ಜೀ, ತಪ್ಪು ನಂದು. ನಾನೇ ಹಾಕೋದು ಮರೆತೆ."

"ಬೊಬ್ಬೆ ಬಂದಿಲ್ಲ ಬಿಡೇ" ಅಂದಳು ಮುದುಕಿ. "ಕೂಗಿದ್ದು ಹೆದರಿಕೆಗೆ. ಮಗು ಮೇಲೆ ಬಿದ್ದಿದ್ರೆ ಅಂತ."

ಆ ಮಾತು ಮೂಗಕ್ಕನ ಎದೆಗೆ ಈಟಿಯ ಹಾಗೆ ನಾಟಿತು. ಬೈದಿದ್ದರೇ ಎಷ್ಟೋ ಹಗುರಾಗುತ್ತಿತ್ತು.

ದೊಡ್ಡ ಸಿಸ್ಟರ್ ಬಂದು ಬೈದದ್ದೇನೂ ಹೆಚ್ಚಿಲ್ಲ. ಮುಚ್ಚಳ ನೋಡಿದರು, ಕಟ್ಟೆಯ ಮೇಲೆ ಒಂಟಿಯಾಗಿ ಉಳಿದಿದ್ದ ರಬ್ಬರು ನೋಡಿದರು. "ಇನ್ಮೇಲೆ ಯಾರೂ ಇದನ್ನ ಬಿಚ್ಚಕೂಡದು. ಇಷ್ಟು ವರ್ಷ ಬಿಚ್ಚದೆ ನಡೀತಿರ್ಲಿಲ್ವಾ?" ಅಂದು ಹೋದರು.

ಒಂದು ದಿನ ಏನೂ ಗೊತ್ತಾಗಲಿಲ್ಲ. ಎರಡನೇ ದಿನ ಕಂಡಕ್ಟರಮ್ಮ ಅರ್ಧ ಲೋಟ ಬಿಟ್ಟಳು. ನಾಲ್ಕನೇ ದಿನದ ಹೊತ್ತಿಗೆ ನೀರು ಒಳಗೆ ಹೋದಷ್ಟೇ ವೇಗದಲ್ಲಿ ಹೊರಗೆ ಬರುತ್ತಿತ್ತು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಡಾಕ್ಟರ್ ಡ್ರಿಪ್ ಹಾಕಿಸಿದರು. ಮೂಗಕ್ಕ ಹಾಸಿಗೆ ಪಕ್ಕ ನಿಂತು, "ಇವತ್ತು ಬೇಕರಿ ಹತ್ರ..." ಅಂತ ಶುರುಮಾಡಿದರೆ ಅವಳು ತಲೆಯಲ್ಲಾಡಿಸಿದಳು. "ಇವತ್ತು ಬಸ್ ಬೇಡ ಅಕ್ಕ. ಆಗಲ್ಲ."

ಮೂಗಕ್ಕ ಜನ್ಮದಲ್ಲಿ ಯಾರ ಬಾಗಿಲನ್ನೂ ಜೋರಾಗಿ ತಟ್ಟಿದವಳಲ್ಲ. ಅಂದು ದೊಡ್ಡ ಸಿಸ್ಟರ್ ಕೋಣೆಯ ಬಾಗಿಲು ತಟ್ಟಿದಳು. ಬಲಗೈಯಲ್ಲಿ ಆ ಬೆಳಗಿನ ಕಾಫಿ ಫ್ಲಾಸ್ಕಿನಿಂದ ಬಿಚ್ಚಿದ ರಬ್ಬರು, ಎಡಗೈಯಲ್ಲಿ ಸೋಡದಲ್ಲಿ ತೊಳೆದು ಒಣಗಿಸಿದ್ದು.

"ಬಿಚ್ಚಬೇಡ ಅಂದಿದ್ದೆ."

"ಹೌದು ಸಿಸ್ಟರ್. ಆಮೇಲೆ ಬೈರಿ. ಮೊದಲು ಇದನ್ನ ಮೂಸಿ ನೋಡಿ."

ದೊಡ್ಡ ಸಿಸ್ಟರ್ ಬೇಸರದಿಂದಲೇ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. "ಏನೂ ಇಲ್ಲ."

ಮೂಗಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ತೊಳೆಯದ ಆ ರಬ್ಬರನ್ನು ಅಷ್ಟು ಹತ್ತಿರ ಹಿಡಿದರೆ ಯಾರದೇ ಆದರೂ ಹುಬ್ಬಾದರೂ ಗಂಟಿಕ್ಕಬೇಕು. ಅವರ ಕಣ್ಣಿನ ರೆಪ್ಪೆಯೂ ಅಲುಗಲಿಲ್ಲ. ತೊಳೆದ ಇನ್ನೊಂದನ್ನು ಕೊಟ್ಟಳು. ಅದನ್ನೂ ಮೂಸಿದರು. ಅದೇ ಮುಖ.

"ಇದೂ ಅಷ್ಟೇ. ಏನೂ ಇಲ್ಲ. ಎರಡೂ ಒಂದೇ."

ಹೊರಗೆ ಯಾವುದೋ ಮಗು ಅಳುತ್ತಿತ್ತು. ದೊಡ್ಡ ಸಿಸ್ಟರ್ ಎರಡು ರಬ್ಬರುಗಳನ್ನೂ ಮೇಜಿನ ಮೇಲಿಟ್ಟರು. ಯಾವುದು ಯಾವುದು ಅಂತ ಅವರಿಗೇ ಗೊತ್ತಾಗುತ್ತಿಲ್ಲ ಅನ್ನುವುದು ಅವರ ಬೆರಳು ತಡವರಿಸಿದ್ದರಲ್ಲೇ ಕಾಣುತ್ತಿತ್ತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಹನ್ನೊಂದು ವರ್ಷ ಆಯ್ತು" ಅಂದರು. "ಒಂದು ಜ್ವರ ಬಂತು. ಜ್ವರ ಹೋಯ್ತು, ಅದರ ಜೊತೆ ಇದೂ ಹೋಯ್ತು. ಬರುತ್ತೆ ಅಂದ್ರು, ಬರ್ಲಿಲ್ಲ. ಯಾರಿಗೂ ಹೇಳಿಲ್ಲ. ಇಲ್ಲಿ ಕೆಲಸ ಮಾಡೋಳಿಗೆ ಮೂಗಿಲ್ಲ ಅಂದ್ರೆ ಏನಂತಾರೆ?"

"ಏನೂ ಅನ್ನಲ್ಲ ಸಿಸ್ಟರ್."

"ಅಂತಾರೆ. ಅದಕ್ಕೇ ಯಾರಾದ್ರೂ ವಾಸನೆ ಅಂದ್ರೆ ನಂಗೆ ಸಿಟ್ಟು ಬರುತ್ತೆ. ನನ್ನನ್ನೇ ಅಣಕಿಸ್ತಾರೆ ಅನ್ನೋ ಹಾಗೆ."

ಅವರ ಮಾಮೂಲಿ ದನಿ ವಾಪಸ್ಸು ಬಂತು. "ಸರಿ. ಬಿಚ್ಚು. ಆದರೆ ಮರೆಯಬಾರದು. ಮರೆಯದ ಹಾಗೆ ಏನು ಮಾಡ್ತೀಯ, ಹೇಳು."

ಮೂಗಕ್ಕ ಅದನ್ನು ನಾಲ್ಕು ದಿನದಿಂದ ಯೋಚಿಸಿಟ್ಟಿದ್ದಳು. ಕಿಟಕಿಗೆ ಅಡ್ಡಲಾಗಿ ಒಂದು ದಾರ. ಬಿಚ್ಚಿದ ರಬ್ಬರೆಲ್ಲ ಆ ದಾರದಲ್ಲೇ ಒಣಗಬೇಕು. ದಾರ ಪೂರ್ತಿ ಖಾಲಿಯಾಗುವವರೆಗೆ ಒಂದು ಫ್ಲಾಸ್ಕಿಗೂ ನೀರು ತುಂಬುವಂತಿಲ್ಲ. ತುಂಬಿದ ಮೇಲೂ ಪ್ರತಿಯೊಂದನ್ನೂ ಸಿಂಕಿನ ಮೇಲೆ ಬಗ್ಗಿಸಿ ನೋಡಿಯೇ ಹೊರಗೆ ಕಳಿಸಬೇಕು. ದೊಡ್ಡ ಸಿಸ್ಟರ್ ತಾವೇ ಬಂದು ಮೊಳೆ ಹೊಡೆಸಿದರು. ಹಾಳಾದ ರಬ್ಬರುಗಳಿಗೆ ಬದಲು ಹೊಸವನ್ನು ತರಿಸಿದರು. ಬೆಳಗಿನ ಬಿಸಿಲಿನಲ್ಲಿ ಆ ಹದಿನೆಂಟು ಬಳೆಗಳು ತೂಗಾಡುವಾಗ ಎದುರಿನ ಗೋಡೆಯ ಮೇಲೆ ಅಷ್ಟೇ ನೆರಳುಗಳು ನೀರಿನ ಗುಳ್ಳೆಗಳ ಹಾಗೆ ತೇಲುತ್ತಿದ್ದವು. ಮೂಗಕ್ಕ ಅವನ್ನು ನೋಡುತ್ತ ಎಲ್ಲಿಗೋ ಹೋದರೂ ಈಗ ಭಯವಿರಲಿಲ್ಲ. ಅವಳು ಎಷ್ಟು ದೂರ ಹೋದರೂ ದಾರ ಅಲ್ಲೇ ಇರುತ್ತಿತ್ತು.

ಕಂಡಕ್ಟರಮ್ಮ ಮತ್ತೆ ನೀರು ಕುಡಿದಳು. ಬಸ್ಸು ಮತ್ತೆ ಹೊರಟಿತು. ಇನ್ನೂ ಮೂರು ವಾರ ಓಡಿತು. ಆಮೇಲೆ ಒಂದು ಮಧ್ಯಾಹ್ನ ಡಾಕ್ಟರುಗಳು ಆಪರೇಷನ್ ಮಾಡಿ ಹೆಣ್ಣುಮಗುವನ್ನು ತೆಗೆದರು. ಎರಡೂವರೆ ಕೆಜಿ, ಕೈಕಾಲು ಬಡಿಯುವುದರಲ್ಲಿ ಗಟ್ಟಿಗಿತ್ತಿ.

ಅಂದು ಸಂಜೆ ಮಗುವನ್ನು ತಾಯಿಯ ಹತ್ತಿರ ಕೊಡುವ ಮೊದಲು ದೊಡ್ಡ ಸಿಸ್ಟರ್ ಅದನ್ನು ಎತ್ತಿಕೊಂಡು ಪ್ಯಾಂಟ್ರಿಯ ಬಾಗಿಲಿಗೆ ಬಂದರು. ಅತ್ತಿತ್ತ ನೋಡಿದರು.

"ಕೈ ಒರೆಸ್ಕೊಂಡು ಬಾ ಇಲ್ಲಿ. ಇದರ ತಲೆ ಮೂಸಿ ಹೇಳು."

ಮೂಗಕ್ಕ ಬಗ್ಗಿ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.

"ಹಾಲಲ್ಲ ಸಿಸ್ಟರ್. ಹಾಲಿಗಿಂತ ಮುಂಚಿನದು. ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟು, ಒಂದು ಗಂಟೆ ಬಿಟ್ಟು ಬಟ್ಟೆ ಎತ್ತಿದ್ರೆ ಬರುತ್ತಲ್ಲ, ಅದು. ಹಿಂದೆ ಒಂಚೂರು ಕಬ್ಬಿಣ, ಮಳೇಲಿ ನೆನೆದ ಗೇಟಿನ ಹಾಗೆ. ನೆತ್ತಿ ಹತ್ರ ಮಾತ್ರ ಬಿಸಿ ವಾಸನೆ. ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆ."

"ಇಸ್ತ್ರಿ!" ಅಂದರು ದೊಡ್ಡ ಸಿಸ್ಟರ್. ಅವರ ಬೆನ್ನು ಮೊದಲ ಸಲ ಸ್ವಲ್ಪ ಬಾಗಿ ಮಗುವಿನ ಮೇಲೆ ನೆರಳಾಯಿತು. "ಹೌದು, ಇಸ್ತ್ರಿ. ಮರೆತೇ ಹೋಗಿತ್ತು ನೋಡು."

ಕಂಡಕ್ಟರಮ್ಮ ಹತ್ತನೇ ದಿನ ಮನೆಗೆ ಹೋದಳು. ಹೋಗುವಾಗ ಮೂಗಕ್ಕನನ್ನು ತಬ್ಬಿಕೊಂಡು, "ನಿಮ್ಮ ಸ್ಟಾಪು ಯಾವುದು ಅಂತ ಕೊನೇವರೆಗೂ ಹೇಳ್ಲೇ ಇಲ್ಲ" ಅಂದಳು. ಮೂಗಕ್ಕ ನಕ್ಕಳು. ಆ ಹಾಸಿಗೆಗೆ ಮಾರನೇ ದಿನವೇ ಬೇರೆ ಬಸುರಿ ಬಂದಳು. ಅವಳಿಗೆ ಕಾಫಿ ಅಂದರೆ ಪ್ರಾಣ, ನೀರು ಯಾವ ವಾಸನೆಯದ್ದಾದರೂ ಚಿಂತೆಯಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ ದೊಡ್ಡ ಸಿಸ್ಟರ್ ಒಂದು ವಿಚಿತ್ರ ಮಾತು ಕೇಳಿದರು. "ಭಾನುವಾರ ಬಿಡುವಿದ್ಯಾ? ನಮ್ಮ ಮನೆಗೆ ಬರ್ತೀಯಾ? ಆ ಮನೆಗೆ ಬಂದು ಎಂಟು ವರ್ಷ. ಅಕ್ಕನೂ ನಾನೂ ಇರೋದು. ಅದರ ವಾಸನೆ ಹೇಗಿದೆ ಅಂತ ನಂಗೆ ಒಂದು ದಿನಾನೂ ಗೊತ್ತಿಲ್ಲ."

ಮೂಗಕ್ಕ ಹೋದಳು. ಇಪ್ಪತ್ತು ಮೆಟ್ಟಿಲು ಹತ್ತಿದ ಮೇಲೆ ಸಣ್ಣ ಮನೆ, ಹಳದಿ ಪರದೆ. ದೊಡ್ಡ ಸಿಸ್ಟರ್ ಯೂನಿಫಾರ್ಮ್ ಇಲ್ಲದೆ ಬೇರೆ ಯಾರೋ ಆಗಿ ಕಂಡರು. ಅವರ ಅಕ್ಕ, ಗುಂಡಗಿನ ಮುದುಕಿ, ಕುರ್ಚಿಯಲ್ಲಿ ಕೂತು ಇವರಿಬ್ಬರನ್ನೂ ಅನುಮಾನದಿಂದ ನೋಡುತ್ತಿದ್ದರು. ಮೂಗಕ್ಕ ಚಪ್ಪಲಿ ಬಿಟ್ಟು, ಕಣ್ಣು ಅರೆಮುಚ್ಚಿ, ಕೋಣೆಯಿಂದ ಕೋಣೆಗೆ ನಡೆದಳು. ದೊಡ್ಡ ಸಿಸ್ಟರ್ ಸದ್ದು ಮಾಡದೆ ಹಿಂದೆ ಬಂದರು.

"ಇಲ್ಲಿ ಹಳೇ ಮರ. ಯಾವುದೋ ಪೆಟ್ಟಿಗೆ, ಒಳಗೆ ಉಣ್ಣೆ ಬಟ್ಟೆ. ಪರದೇಲಿ ಮಣ್ಣಿನ ವಾಸನೆ, ಬೀದಿ ಕಡೆ ಧೂಳು. ಒಳ್ಳೇ ವಾಸನೆ ಸಿಸ್ಟರ್, ಬೇಸಿಗೇದು. ಇಲ್ಲಿ ಔಷಧಿ ಎಣ್ಣೆ, ನಿಮ್ಮಕ್ಕನ ಮೊಣಕಾಲಿಗೆ ಇರ್ಬೇಕು. ಅಡುಗೆಮನೇಲಿ ಸಾಸಿವೆ, ಒಗ್ಗರಣೆ, ಒಂದು ಹಣ್ಣು ಎಲ್ಲೋ ಕೊಳೀತಿದೆ, ಡಬ್ಬದ ಹಿಂದೆ ನೋಡಿ."

ಡಬ್ಬದ ಹಿಂದೆ ನಿಜವಾಗಿಯೂ ಅರ್ಧ ನಿಂಬೆಹಣ್ಣು ಸಿಕ್ಕಿತು.

ಕೊನೆಯ ಕೋಣೆ ದೊಡ್ಡ ಸಿಸ್ಟರ್ ಮಲಗುವುದು. ಬಿಗಿಯಾಗಿ ಹಾಸಿದ ಹಾಸಿಗೆ, ಕಿಟಕಿಯ ಬಳಿ ಒಂದು ಮೇಜು. ಮೂಗಕ್ಕ ಅಲ್ಲಿ ತುಂಬ ಹೊತ್ತು ನಿಂತಳು. ಮಧ್ಯಾಹ್ನದ ಬೆಳಕು ನೆಲದ ಮೇಲೆ ಸರಿಯುತ್ತಿತ್ತು.

"ಇಲ್ಲಿ?" ಅಂದರು ದೊಡ್ಡ ಸಿಸ್ಟರ್. ಅವರ ದನಿ ತಗ್ಗಿತ್ತು. "ಕೆಟ್ಟದಾಗಿದ್ರೂ ಹೇಳು. ನಂಗೆ ಅದೇ ಭಯ."

"ಗಂಜಿ ಹಾಕಿದ ಬಟ್ಟೆ. ಪೆನ್ಸಿಲ್ ಚೂಪು ಮಾಡಿದ ಸಿಪ್ಪೆ. ದಿಂಬಿನಲ್ಲಿ ಕೊಬ್ಬರಿ ಎಣ್ಣೆ, ಸ್ವಲ್ಪವೇ. ಸಿಸ್ಟರ್, ಇದು ಯಾರೋ ಓದ್ತಾ ಓದ್ತಾ ನಿದ್ದೆ ಹೋದ ಕೋಣೆ ವಾಸನೆ. ನಂಗೆ ಇಲ್ಲೇ ಮಲಗಿಬಿಡೋಣ ಅನಿಸ್ತಿದೆ."

ದೊಡ್ಡ ಸಿಸ್ಟರ್ ಮಂಚದ ತುದಿಯಲ್ಲಿ ಕೂತರು. ದಿಂಬನ್ನು ಎತ್ತಿ ಮುಖಕ್ಕೆ ಒತ್ತಿ ಹಿಡಿದು ಉಸಿರೆಳೆದುಕೊಂಡರು. ಏನೂ ಬರಲಿಲ್ಲ, ಬರುವುದಿಲ್ಲ ಅಂತ ಗೊತ್ತಿತ್ತು. ಆದರೂ ಇನ್ನೊಮ್ಮೆ, ಮೆಲ್ಲಗೆ, ಎಳೆದುಕೊಂಡರು.

ಹೊರಗಿನಿಂದ ಅವರ ಅಕ್ಕ ಕೂಗಿದರು. "ಏನ್ರೇ ಅದು, ಇಬ್ಬರೂ ಒಳಗೆ? ನನ್ನನ್ನೂ ಮೂಸಿ ಹೇಳ್ರೇ, ನಾನು ಹೇಗಿದ್ದೀನಿ ಅಂತ!"

ಮೂಗಕ್ಕ ನಗುತ್ತ ಹೊರಗೆ ಬಂದು ಆ ಗುಂಡಗಿನ ಮುದುಕಿಯ ಪಕ್ಕದಲ್ಲಿ ಬಗ್ಗಿದಳು.